ಒಬ್ಬರ ಬಿಲ್ ಇನ್ನೊಬ್ಬರ ಫೋನಿಗೆ: ಸರ್ವರ್ ಕೋಡ್‌ನಲ್ಲಿ ಕುಕೀ ಅದಲುಬದಲಾದ ಒಂದು ಪ್ರಕರಣ

ಪಂಪ್‌ಸೆಟ್, ಪೈಪು ಮಾರುವ ರಾಣೇಬೆನ್ನೂರಿನ ಡೀಲರ್ ಒಬ್ಬರ ವಾಟ್ಸಾಪ್‌ಗೆ ಒಂದು ಸಂಜೆ ಹರಿಹರದ ಡೀಲರ್‌ನ ಬಿಲ್ ಪಟ್ಟಿ ಬಂತು. ಮೇಲೆ ಹೆಸರು ಇವರದೇ, ಅಂಗಡಿಯ ಹೆಸರೂ ಇವರದೇ, ಒಳಗಿನ ಬಿಲ್‌ಗಳು ಮಾತ್ರ ಪೂರ್ತಿ ಅವರದು. ಬರೀ ಬಿಲ್ ನಂಬರ್ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅದರಲ್ಲಿ ಡಿಸ್ಕೌಂಟ್ ಕಾಲಂ ಇತ್ತು. ಅದೇ ಮಾಡೆಲ್ ಪಂಪಿಗೆ ಕಂಪನಿಯವರು ಹರಿಹರಕ್ಕೆ ಜಾಸ್ತಿ ಡಿಸ್ಕೌಂಟ್ ಕೊಡುತ್ತಿದ್ದರು. ಮುಂದೇನಾಯಿತು ಅಂತ ಹೇಳಬೇಕಿಲ್ಲ ಅಲ್ವಾ, ಆವತ್ತು ರಾತ್ರಿಯೇ ಫೋನ್ ಮೇಲೆ ಫೋನ್.

ಈ ಸಂದೇಶ ಕಳಿಸುವ ಸಾಫ್ಟ್‌ವೇರ್ ದಾವಣಗೆರೆಯ ಒಂದು ಸಣ್ಣ ತಂಡದ್ದು. ಮಾಡುವ ಕೆಲಸ ಸರಳ. ಪಂಪ್ ತಯಾರಿಸುವ ಕಂಪನಿಗೆ ಡೀಲರ್ ಪೋರ್ಟಲ್ ಇದೆ, ಎಪಿಐ (ಬೇರೆ ಪ್ರೋಗ್ರಾಂ ನೇರವಾಗಿ ಮಾಹಿತಿ ಕೇಳುವ ದಾರಿ) ಇಲ್ಲ. ಹಾಗಾಗಿ ದಿನಾ ಸಂಜೆ 7 ಗಂಟೆಗೆ ಒಂದು ಸ್ಕ್ರಿಪ್ಟ್ ಪ್ರತಿ ಡೀಲರ್ ಪರವಾಗಿ ಪೋರ್ಟಲ್‌ಗೆ ಲಾಗಿನ್ ಆಗಿ, ಅವತ್ತಿನ ಬಿಲ್ ಮತ್ತು ಸ್ಟಾಕ್ ಓದಿಕೊಂಡು, ಅವರವರ ಫೋನಿಗೆ ಕಳಿಸುತ್ತದೆ. ಡೀಲರ್‌ಗಳು ಒಪ್ಪಿ ಪಾಸ್‌ವರ್ಡ್ ಕೊಟ್ಟಿದ್ದರು, ಕಂಪನಿಯಿಂದಲೂ ಮೇಲ್‌ನಲ್ಲಿ ಒಪ್ಪಿಗೆ ಇತ್ತು. ಅದಿಲ್ಲದೆ ಬೇರೆಯವರ ಪೋರ್ಟಲ್‌ಗೆ ಹೀಗೆ ಹೊಕ್ಕುವ ಕೋಡನ್ನು ನಾನು ಮುಟ್ಟುವುದಿಲ್ಲ. ನನ್ನನ್ನು ಕರೆದದ್ದು ಮಾರನೇ ದಿನ, ಎಲ್ಲಿ ತಪ್ಪಿದೆ ಅಂತ ನೋಡಿ ಹೇಳಲಿಕ್ಕೆ.

ಎಲ್ಲರ ಅನುಮಾನ ಮೊದಲು ಹೋದದ್ದು ಡೇಟಾಬೇಸ್ ಮೇಲೆ. ಯಾವುದೋ ಜಾಯಿನ್ ತಪ್ಪಿದೆ, ಡೀಲರ್ ಐಡಿ ಅದಲುಬದಲಾಗಿದೆ ಅಂತ ತಂಡದವರು ಬೆಳಗಿನಿಂದ ಕ್ವೆರಿ ಓದುತ್ತಾ ಕೂತಿದ್ದರು. ಪುಣ್ಯಕ್ಕೆ ಆ ಸ್ಕ್ರಿಪ್ಟ್ ಪೋರ್ಟಲ್‌ನಿಂದ ಬಂದ ಪುಟವನ್ನು ಹಾಗೇ ಒಂದು ಫೈಲಿನಲ್ಲಿ ಉಳಿಸಿಕೊಳ್ಳುತ್ತಿತ್ತು. ರಾಣೇಬೆನ್ನೂರಿನ ಫೋಲ್ಡರ್‌ನಲ್ಲಿದ್ದ ಫೈಲ್ ತೆರೆದರೆ, ಪುಟದ ಮೇಲ್ತುದಿಯಲ್ಲೇ ಹರಿಹರದ ಡೀಲರ್ ಕೋಡ್. ಅಂದರೆ ನಮ್ಮ ಡೇಟಾಬೇಸ್ ಮುಟ್ಟುವ ಮೊದಲೇ ಅದಲುಬದಲಾಗಿದೆ. ಆಗ ಎಲ್ಲರೂ ಪೋರ್ಟಲ್ ಕಡೆ ಬೆರಳು ತೋರಿಸಿದರು. ಅದೂ ಸರಿಯಲ್ಲ. ಯಾವ ಕುಕೀ (ಲಾಗಿನ್ ಆದವರ ಗುರುತಿನ ಚೀಟಿ) ಕಳಿಸಿದರೋ ಆ ಕುಕೀಯ ಪುಟವನ್ನು ಪೋರ್ಟಲ್ ಕೊಟ್ಟಿದೆ. ಹರಿಹರದ ಕುಕೀಯನ್ನು ರಾಣೇಬೆನ್ನೂರಿನ ರಿಕ್ವೆಸ್ಟ್ ಜೊತೆ ಕಳಿಸಿದ್ದು ನಮ್ಮ ಕಡೆಯ ಸ್ಕ್ರಿಪ್ಟೇ.

ಇಲ್ಲಿ ಸ್ವಲ್ಪ ಹಿಂದೆ ಹೋಗೋಣ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ಪದ್ಧತಿಯಾದ ಎಚ್‌ಟಿಟಿಪಿಗೆ ನೆನಪಿಲ್ಲ. ಒಂದು ರಿಕ್ವೆಸ್ಟ್‌ಗೂ ಮುಂದಿನದಕ್ಕೂ ಅದರ ಲೆಕ್ಕದಲ್ಲಿ ಸಂಬಂಧವೇ ಇಲ್ಲ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಇದಕ್ಕೆ ಒಂದು ದಾರಿ ಹುಡುಕಿದರು: ಸರ್ವರ್ ತನ್ನ ಉತ್ತರದ ಜೊತೆ 'ಸೆಟ್-ಕುಕೀ' ಅನ್ನುವ ತಲೆಸಾಲಿನಲ್ಲಿ, ಅಂದರೆ ಹೆಡರ್‌ನಲ್ಲಿ ಒಂದು ಚೀಟಿ ಕೊಡುತ್ತದೆ, ಬ್ರೌಸರ್ ಅದನ್ನು ಇಟ್ಟುಕೊಂಡು ಮುಂದಿನ ಪ್ರತಿ ರಿಕ್ವೆಸ್ಟ್‌ನಲ್ಲೂ 'ಕುಕೀ' ಅನ್ನುವ ಹೆಡರ್‌ನಲ್ಲಿ ವಾಪಸ್ ತೋರಿಸುತ್ತದೆ. ಇವತ್ತು ಎಲ್ಲರೂ ಪಾಲಿಸುವ ನಿಯಮಗಳು 2011ರ ಆರ್‌ಎಫ್‌ಸಿ 6265 ಅನ್ನುವ ಇಂಟರ್ನೆಟ್ ಮಾನದಂಡ ದಾಖಲೆಯಲ್ಲಿವೆ. ಲಾಗಿನ್ ಆದ ಮೇಲೆ ಸಿಗುವ ಸೆಷನ್ ಕುಕೀ ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದ ಹಾಗೆ. ಟೋಕನ್ ಕೊಟ್ಟರೆ ಆ ನಂಬರಿನ ಚಪ್ಪಲಿ ಬರುತ್ತದೆ, ನೀವು ಯಾರು ಅಂತ ಯಾರೂ ಮುಖ ನೋಡುವುದಿಲ್ಲ.

ಬ್ರೌಸರ್‌ನಲ್ಲಿ ಇದೆಲ್ಲ ನಮಗೆ ಗೊತ್ತಿಲ್ಲದೆ ನಡೆಯುತ್ತದೆ. ಯಾವ ಕುಕೀ ಯಾವ ಡೊಮೇನ್‌ಗೆ, ಯಾವ ಪಾತ್‌ಗೆ, ಯಾವಾಗ ಅವಧಿ ಮುಗಿಯಿತು, ಯಾವುದನ್ನು ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಕಳಿಸಬೇಕು, ಎಲ್ಲ ಅದೇ ನೋಡಿಕೊಳ್ಳುತ್ತದೆ. ಸರ್ವರ್ ಕೋಡ್‌ನಿಂದ ರಿಕ್ವೆಸ್ಟ್ ಕಳಿಸಿದಾಗ ಆ ಬ್ರೌಸರ್ ಇಲ್ಲ. ಅದರ ಪಾತ್ರವನ್ನು ನಾವೇ ಮಾಡಬೇಕು, ಇಲ್ಲವೇ ಯಾವುದಾದರೂ ಲೈಬ್ರರಿಗೆ ವಹಿಸಬೇಕು. ಬ್ರೌಸರ್ ಮಾಡುವ ಇನ್ನೊಂದು ಕೆಲಸವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಒಂದು ಬ್ರೌಸರ್ ಸಾಮಾನ್ಯವಾಗಿ ಒಬ್ಬ ಮನುಷ್ಯನದು. ಅದರ ಕುಕೀ ಡಬ್ಬಿಯೂ ಒಬ್ಬನದೇ. ಸರ್ವರ್‌ನಲ್ಲಿ ಒಂದೇ ಪ್ರೋಗ್ರಾಂ ಹತ್ತಾರು ಜನರ ಪರವಾಗಿ ಓಡುತ್ತಿರುತ್ತದೆ, ಈ ಒಂದು ಡಬ್ಬಿ ಯಾರದು ಅಂತ ಅದಕ್ಕೆ ಯಾರೂ ಹೇಳಿರುವುದಿಲ್ಲ.

ಈ ಸ್ಕ್ರಿಪ್ಟ್ ಇಲ್ಲಿಗೆ ಬಂದು ಮುಟ್ಟಿದ್ದು ಒಂದೇ ಏಟಿಗಲ್ಲ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನ ಹಳೆಯ ಕಮಿಟ್‌ಗಳನ್ನು ಒಂದೊಂದಾಗಿ ಓದಿದಾಗ ಚೆನ್ನಾಗಿ ಕಂಡಿತು, ಪ್ರತಿ ಸಲ ಒಂದು ತೊಂದರೆಗೆ ತೇಪೆ ಹಾಕಿದ್ದಾರೆ, ಆ ತೇಪೆಯೇ ಮುಂದಿನ ತೊಂದರೆಗೆ ದಾರಿ ಮಾಡಿದೆ.

ಮೊದಲಿದ್ದದ್ದು ಪಿಎಚ್‌ಪಿ ಸ್ಕ್ರಿಪ್ಟ್, ವೆಬ್ ರಿಕ್ವೆಸ್ಟ್ ಕಳಿಸುವ ಕರ್ಲ್ ಲೈಬ್ರರಿ ಬಳಸಿ ಬರೆದದ್ದು. ಪ್ರತಿ ಡೀಲರ್‌ಗೆ ಒಂದೊಂದು ಕುಕೀ ಫೈಲ್, ಒಬ್ಬರಾದ ಮೇಲೆ ಒಬ್ಬರು. ನೋಡಲು ಚೆಂದ ಇರಲಿಲ್ಲ, ಆದರೆ ವರ್ಷಗಟ್ಟಲೆ ತೊಂದರೆ ಕೊಡದೆ ಓಡಿತ್ತು. ಒಂದು ದಿನ ಸರ್ವರ್‌ನಲ್ಲಿ ಪಿಎಚ್‌ಪಿ 7 ತೆಗೆದು 8 ಹಾಕಿದರು. ಲಾಗಿನ್ ನಿಂತೇ ಹೋಯಿತು. ಯಾಕೆ ಅಂದರೆ, ಕರ್ಲ್ ತನ್ನ ಕುಕೀಗಳನ್ನು ಫೈಲಿಗೆ ಬರೆಯುವುದು ಹ್ಯಾಂಡಲ್ (ರಿಕ್ವೆಸ್ಟ್ ಕಳಿಸಲು ತೆರೆದ ಹಿಡಿ) ಮುಚ್ಚಿದಾಗ. ಪಿಎಚ್‌ಪಿ 8ರಿಂದ 'ಕರ್ಲ್_ಕ್ಲೋಸ್' ಏನೂ ಮಾಡುವುದಿಲ್ಲ, ಹ್ಯಾಂಡಲ್ ಈಗ ಒಂದು ಆಬ್ಜೆಕ್ಟ್, ಅದನ್ನು ಹಿಡಿದಿರುವ ವೇರಿಯಬಲ್ ಬದುಕಿರುವ ತನಕ ಅದೂ ಬದುಕಿರುತ್ತದೆ. ಹಳೆ ಕೋಡ್‌ನಲ್ಲಿ ಲಾಗಿನ್‌ಗೆ ಒಂದು ಹ್ಯಾಂಡಲ್, ಪಟ್ಟಿ ತರಲು ಇನ್ನೊಂದು. ಎರಡನೆಯದು ಫೈಲ್ ಓದಲು ಹೋದಾಗ ಮೊದಲನೆಯದು ಇನ್ನೂ ಬರೆದೇ ಇರುತ್ತಿರಲಿಲ್ಲ. ಆ ವೇರಿಯಬಲ್ ಅಳಿಸುವ ಒಂದು 'ಅನ್‌ಸೆಟ್' ಸಾಲು ಹಾಕಿದ್ದರೆ ಸರಿಹೋಗುತ್ತಿತ್ತು, ಅಥವಾ ಎರಡೂ ಕೆಲಸಕ್ಕೆ ಒಂದೇ ಹ್ಯಾಂಡಲ್ ಬಳಸಿದ್ದರೂ ಆಗುತ್ತಿತ್ತು. ಬದಲಿಗೆ ತಂಡದವರು ಪಿಎಚ್‌ಪಿ ಹಳೆಯದಾಯಿತು ಅಂತ ತೀರ್ಮಾನಿಸಿ ಇಡೀ ಸ್ಕ್ರಿಪ್ಟನ್ನು ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ (ನೋಡ್.ಜೆಎಸ್) ಹೊಸದಾಗಿ ಬರೆದರು. ಭಾಷೆ ಬದಲಿಸುವುದರಲ್ಲಿ ತಪ್ಪೇನಿಲ್ಲ. ಆದರೆ ರೋಗ ಏನು ಅಂತ ಗೊತ್ತಾಗುವ ಮೊದಲೇ ಊರು ಬಿಟ್ಟರೆ ರೋಗವೂ ಜೊತೆಗೇ ಬರುತ್ತದೆ.

ನೋಡ್‌ನಲ್ಲಿ ಬರೆದ ಮೊದಲ ರೂಪ ಹೀಗಿತ್ತು. ವೆಬ್ ರಿಕ್ವೆಸ್ಟ್ ಕಳಿಸುವ 'ಫೆಚ್' ಫಂಕ್ಷನ್ ಮೂಲಕ ಲಾಗಿನ್ ಪುಟಕ್ಕೆ ಹೆಸರು, ಪಾಸ್‌ವರ್ಡ್ ಪೋಸ್ಟ್ ಮಾಡು. ಉತ್ತರ 200 (ಎಲ್ಲ ಸರಿ) ಬಂದರೆ ಲಾಗಿನ್ ಆಯಿತು. ಆಮೇಲೆ ಬಿಲ್ ಪುಟ ತಾ. ಉತ್ತರ 200 ಬರುತ್ತಲೇ ಇತ್ತು, ಬಿಲ್ ಪುಟದ ಜಾಗದಲ್ಲಿ ಮಾತ್ರ ಮತ್ತೆ ಲಾಗಿನ್ ಪುಟ. ಸರ್ವರ್ ಕಡೆಯಿಂದ ವೆಬ್ ರಿಕ್ವೆಸ್ಟ್ ಬರೆಯುವ ಪ್ರತಿಯೊಬ್ಬರೂ ಒಮ್ಮೆಯಾದರೂ ಇಲ್ಲಿ ಎಡವುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಾಸ್‌ವರ್ಡ್ ಸರಿಯಿದ್ದರೆ ಪೋರ್ಟಲ್ ಕೊಡುವ ಉತ್ತರ 302, ಅಂದರೆ 'ಹೋಂ ಪುಟಕ್ಕೆ ಹೋಗು'. ಆ 302ರ ಜೊತೆಯಲ್ಲೇ ಸೆಟ್-ಕುಕೀ ಇರುತ್ತದೆ. ಫೆಚ್ ತಾನಾಗಿಯೇ ರೀಡೈರೆಕ್ಟ್ ಹಿಂದೆ ಹೋಗಿಬಿಡುತ್ತದೆ. ಬ್ರೌಸರ್ ಆಗಿದ್ದರೆ ದಾರಿಯಲ್ಲಿ ಸಿಕ್ಕ ಕುಕೀಯನ್ನು ಎತ್ತಿಟ್ಟುಕೊಂಡು ಹೋಂ ಪುಟಕ್ಕೆ ಹೋಗುವಾಗ ತೋರಿಸುತ್ತಿತ್ತು. ನೋಡ್‌ನ ಫೆಚ್‌ಗೆ ಕುಕೀ ಇಟ್ಟುಕೊಳ್ಳುವ ಜಾಗವೇ ಇಲ್ಲ. 2022ರ ನೋಡ್ 18ರಿಂದ ಫೆಚ್ ಅದರ ಜೊತೆಗೇ ಬರುತ್ತದೆ ನಿಜ, ಹೆಸರು, ಬಳಸುವ ರೀತಿ ಎಲ್ಲ ಬ್ರೌಸರ್‌ನ ಫೆಚ್ ಥರವೇ, ಆದರೆ ಹಿಂದೆ ಬ್ರೌಸರ್ ಇಲ್ಲ. ಕೋಡ್‌ನಲ್ಲಿ 'ಕ್ರೆಡೆನ್ಷಿಯಲ್ಸ್: ಇನ್‌ಕ್ಲೂಡ್' ಅಂತ ಸಾಲೊಂದು ಇತ್ತು, ಬ್ರೌಸರ್ ಕೋಡ್‌ನಿಂದ ಎತ್ತಿ ತಂದದ್ದು. ಇಲ್ಲಿ ಅದು ಸುಮ್ನೆ ಕೂತಿರುತ್ತದೆ. ಹಾಗಾಗಿ ಆದದ್ದು ಇಷ್ಟು: 302 ಬಂತು, ಅದರ ಕುಕೀ ನೆಲಕ್ಕೆ ಬಿತ್ತು, ಕುಕೀ ಇಲ್ಲದೆ ಹೋಂ ಪುಟ ಕೇಳಿದರು, ಪೋರ್ಟಲ್ 'ನೀನ್ಯಾರು' ಅಂತ ಲಾಗಿನ್ ಪುಟಕ್ಕೆ ಕಳಿಸಿತು, ಆ ಲಾಗಿನ್ ಪುಟ 200 ಸಮೇತ ಬಂತು. ಸ್ಕ್ರಿಪ್ಟ್‌ಗೆ ಕಂಡದ್ದು ಆ ಕೊನೆಯ 200 ಮಾತ್ರ.

ಇದನ್ನು ಅವರೇ ಪತ್ತೆ ಮಾಡಿ, ರೀಡೈರೆಕ್ಟ್ ಅನ್ನು 'ಮ್ಯಾನ್ಯುಯಲ್' ಮಾಡಿಕೊಂಡರು. ಒಳ್ಳೆ ಕೆಲಸ. ಬ್ರೌಸರ್‌ನಲ್ಲಿ ಹಾಗೆ ಮಾಡಿದರೆ 302ರ ಹೆಡರ್‌ಗಳು ಕಾಣುವುದಿಲ್ಲ, ನೋಡ್‌ನಲ್ಲಿ ಕಾಣುತ್ತವೆ, ಆದ್ದರಿಂದ ಈ ದಾರಿ ಕೆಲಸ ಮಾಡಿತು. ಇನ್ನು ಸೆಟ್-ಕುಕೀ ಹೆಡರ್ ಓದಬೇಕು. ಎಡವಿದ್ದು ಅಲ್ಲಿ.

ಉಳಿದ ಹೆಡರ್‌ಗಳು ಒಂದಕ್ಕಿಂತ ಜಾಸ್ತಿ ಸಲ ಬಂದರೆ ಅವನ್ನು ಅಲ್ಪವಿರಾಮ ಹಾಕಿ ಒಂದೇ ಸಾಲಿಗೆ ಸೇರಿಸಬಹುದು. ಸೆಟ್-ಕುಕೀಗೆ ಅದು ಆಗಿಬರುವುದಿಲ್ಲ. ಫೆಚ್‌ನ ಹೆಡರ್‌ಗಳಿಂದ ಸುಮ್ನೆ 'ಗೆಟ್' ಅಂತ ಕೇಳಿದರೆ ಎಲ್ಲ ಕುಕೀಗಳೂ ಅಲ್ಪವಿರಾಮದೊಂದಿಗೆ ಅಂಟಿಕೊಂಡು ಬರುತ್ತವೆ. ಕನ್ನಡ ಲಿಪಿಯಲ್ಲಿ ಬರೆದರೆ ಹೀಗೆ ಕಾಣುತ್ತಿತ್ತು:

ಸೆಷನ್‌ಐಡಿ=ಎ7ಎಫ್3; ಪಾತ್=/; ಎಚ್‌ಟಿಟಿಪಿಓನ್ಲಿ, ರೂಟ್=ಬಿ2; ಪಾತ್=/; ಎಕ್ಸ್‌ಪೈರ್ಸ್=ವೆಡ್, 21 ಅಕ್ಟ್ 2026 07:28:00 ಜಿಎಂಟಿ

ಎರಡು ಕುಕೀ ಇವೆ. ಅಲ್ಪವಿರಾಮವೂ ಎರಡು. ಅದರಲ್ಲಿ ಒಂದು ಕುಕೀಗಳ ನಡುವಿನದು, ಇನ್ನೊಂದು ಬುಧವಾರಕ್ಕೂ ತಾರೀಕಿಗೂ ನಡುವಿನದು. ಅಲ್ಪವಿರಾಮದಲ್ಲಿ ಕತ್ತರಿಸಿದರೆ ಮೂರು ತುಂಡಾಗುತ್ತದೆ, ಮೂರನೆಯದು ಬರೀ ತಾರೀಕು. ಇದಕ್ಕೆಂದೇ 'ಗೆಟ್‌ಸೆಟ್‌ಕುಕೀ' ಅನ್ನುವ ಬೇರೆ ಫಂಕ್ಷನ್ ಇದೆ, ನೋಡ್ 20ರಲ್ಲಿ ಸಿಗುತ್ತದೆ, ಪ್ರತಿ ಕುಕೀಯನ್ನೂ ಬಿಡಿ ಬಿಡಿಯಾಗಿ ಪಟ್ಟಿ ಮಾಡಿ ಕೊಡುತ್ತದೆ. ಅದು ಇವರ ಕಣ್ಣಿಗೆ ಬಿದ್ದಿರಲಿಲ್ಲ. ಕತ್ತರಿಸಲು ಹೋಗಿ ಕೆಟ್ಟಿತು ಅಂತ ಮೊದಲ ಅರ್ಧವಿರಾಮದ ತನಕ ಮಾತ್ರ ತೆಗೆದುಕೊಂಡರು. ಅಂದರೆ ಮೊದಲ ಕುಕೀ ಒಂದೇ. ಸೆಷನ್‌ಐಡಿ ಸಿಕ್ಕಿತಲ್ಲ, ಸಾಕು ಅಂದುಕೊಂಡರು.

ಬಿಟ್ಟು ಹೋದದ್ದು 'ರೂಟ್'. ಅದು ರಿಕ್ವೆಸ್ಟ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಾಕುವ ಕುಕೀ. ಪೋರ್ಟಲ್ ಒಂದಕ್ಕಿಂತ ಹೆಚ್ಚು ಸರ್ವರ್‌ಗಳ ಮೇಲೆ ಓಡುತ್ತದೆ, ಲಾಗಿನ್ ಆದವರ ಸೆಷನ್ ಆಯಾ ಸರ್ವರ್‌ನ ಮೆಮೊರಿಯಲ್ಲೇ ಇರುತ್ತದೆ, ಮುಂದಿನ ರಿಕ್ವೆಸ್ಟ್ ಅದೇ ಸರ್ವರ್‌ಗೆ ಹೋಗಲಿ ಅಂತ ಬ್ಯಾಲೆನ್ಸರ್ ಈ ಗುರುತು ಹಾಕಿ ಕೊಡುತ್ತದೆ. ಅಮೆಜಾನ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್‌ನಲ್ಲಿ 'ಎಡಬ್ಲ್ಯೂಎಸ್‌ಎಎಲ್‌ಬಿ' ಅನ್ನುವ ಹೆಸರಿನ ಕುಕೀ ಮಾಡುವುದೂ ಇದನ್ನೇ. ಇದನ್ನು ವಾಪಸ್ ಕಳಿಸದಿದ್ದರೆ ರಿಕ್ವೆಸ್ಟ್ ಯಾವ ಸರ್ವರ್‌ಗೆ ಹೋಗುತ್ತದೋ ದೇವರಿಗೇ ಗೊತ್ತು. ಅದೃಷ್ಟ ಇದ್ದರೆ ಬಿಲ್ ಪುಟ, ಇಲ್ಲದಿದ್ದರೆ ಲಾಗಿನ್ ಪುಟ. ಒಮ್ಮೆ ಆಗುತ್ತದೆ, ಒಮ್ಮೆ ಆಗುವುದಿಲ್ಲ, ಬ್ರೌಸರ್‌ನಲ್ಲಿ ಕೈಯಿಂದ ಮಾಡಿದರೆ ಯಾವಾಗಲೂ ಆಗುತ್ತದೆ. ಇಂಥ ಲಕ್ಷಣ ಕಂಡರೆ ನಾನು ಮೊದಲು ಎಣಿಸುವುದು ಪೋರ್ಟಲ್ ಎಷ್ಟು ಕುಕೀ ಕೊಟ್ಟಿತು, ನಾವು ಎಷ್ಟು ವಾಪಸ್ ಕಳಿಸಿದೆವು ಅಂತ.

ಇವರು ಹಾಕಿದ ತೇಪೆ ರೀಟ್ರೈ. ಲಾಗಿನ್ ಪುಟ ಬಂದರೆ ಮೊದಲಿಂದ ಶುರು ಮಾಡು, ಬಿಲ್ ಪುಟ ಸಿಗುವ ತನಕ. ಇಡೀ ಪ್ರಕರಣದಲ್ಲಿ ನನಗೆ ಅತಿ ಅಪಾಯದ್ದು ಅನ್ನಿಸಿದ ಸಾಲು ಇದು. ಮುಂದೆ ಬರುವ ಗ್ಲೋಬಲ್ ಜಾರ್‌ಗಿಂತಲೂ (ಎಲ್ಲರಿಗೂ ಒಂದೇ ಕುಕೀ ಡಬ್ಬಿ) ಇದೇ ಕೆಟ್ಟದ್ದು, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಕೈಯಿಂದ ಕುಕೀ ಹೊಲಿಯುವುದರಲ್ಲಿ ಇನ್ನೂ ಸಣ್ಣಪುಟ್ಟ ಗಾಯಗಳಾಗಿದ್ದವು. ಒಂದು ಕಡೆ 'ಪಾತ್=/; ಎಚ್‌ಟಿಟಿಪಿಓನ್ಲಿ' ಸಮೇತ ಇಡೀ ಸಾಲನ್ನೇ ಕುಕೀ ಹೆಡರ್‌ನಲ್ಲಿ ವಾಪಸ್ ಕಳಿಸುತ್ತಿದ್ದರು. ವಾಪಸ್ ಹೋಗಬೇಕಾದದ್ದು ಹೆಸರು ಮತ್ತು ಮೌಲ್ಯ ಮಾತ್ರ, ಉಳಿದದ್ದೆಲ್ಲ ಇಟ್ಟುಕೊಳ್ಳುವವರಿಗೆ ಕೊಟ್ಟ ಸೂಚನೆ. ಇನ್ನೊಂದು ಕಡೆ ಪೋರ್ಟಲ್ ಒಂದು ಕುಕೀಯನ್ನು ಅಳಿಸು ಅಂತ ಹೇಳುತ್ತಿತ್ತು. ಅಳಿಸಲು ಬೇರೆ ಹೆಡರ್ ಇಲ್ಲ, ಅದೇ ಹೆಸರಿನ ಕುಕೀಯನ್ನು ಕಳೆದುಹೋದ ತಾರೀಕು ಹಾಕಿ ಮತ್ತೆ ಕಳಿಸುತ್ತಾರೆ ಅಷ್ಟೇ. ಪಿಎಚ್‌ಪಿ ಆದರೆ ಮೌಲ್ಯದ ಜಾಗದಲ್ಲಿ 'ಡಿಲೀಟೆಡ್' ಅಂತ ಬರೆದು 1970ರ ತಾರೀಕು ಹಾಕುತ್ತದೆ. ಈ ಸ್ಕ್ರಿಪ್ಟ್ ತಾರೀಕು ನೋಡುತ್ತಿರಲಿಲ್ಲ, ಹಾಗಾಗಿ 'ಡಿಲೀಟೆಡ್' ಅನ್ನುವುದನ್ನೇ ಮೌಲ್ಯ ಅಂದುಕೊಂಡು ನಿಷ್ಠೆಯಿಂದ ಕಳಿಸುತ್ತಿತ್ತು. ಎಚ್‌ಟಿಟಿಪಿಓನ್ಲಿ ಕುಕೀಯನ್ನು ನಾವು ಓದುವ ಹಾಗಿಲ್ಲ ಅಂತ ತಂಡದ ಒಬ್ಬರು ನಂಬಿದ್ದರು. ಅದು ಪುಟದೊಳಗಿನ ಜಾವಾಸ್ಕ್ರಿಪ್ಟ್‌ಗೆ ಹಾಕಿದ ಬೇಲಿ. ಸರ್ವರ್ ಕೋಡ್‌ಗೆ ಎಲ್ಲ ಹೆಡರ್‌ಗಳೂ ಕಾಣುತ್ತವೆ. ಬೇರೆ ಸೈಟಿನಿಂದ ಬಂದ ರಿಕ್ವೆಸ್ಟ್ ಜೊತೆ ಕುಕೀ ಕಳಿಸಬೇಕಾ ಅಂತ ಹೇಳುವ ಸೇಮ್‌ಸೈಟ್‌ನ ಕಥೆಯೂ ಹೆಚ್ಚು ಕಡಿಮೆ ಹಾಗೇ, ಬ್ರೌಸರ್ ಇಲ್ಲದ ಕಡೆ ಅದನ್ನು ಜಾರಿ ಮಾಡುವವರು ಯಾರೂ ಇಲ್ಲ.

ಕೊನೆಗೆ ಯಾರೋ ಬುದ್ಧಿವಂತರು ಕೈಹೊಲಿಗೆ ಸಾಕು ಅಂತ 'ಟಫ್-ಕುಕೀ' ಲೈಬ್ರರಿ ತಂದರು. ಸರಿಯಾದ ನಿರ್ಧಾರ. ಡೊಮೇನ್, ಪಾತ್, ಅವಧಿ, ಅಳಿಸುವಿಕೆ, ಎಲ್ಲ ಆರ್‌ಎಫ್‌ಸಿ ಪ್ರಕಾರ ಅದು ನೋಡಿಕೊಳ್ಳುತ್ತದೆ. ಆದರೆ ಜಾರ್ ಮಾಡುವ ಸಾಲನ್ನು ಫೈಲಿನ ಮೇಲ್ತುದಿಯಲ್ಲಿ ಬರೆದರು. ಎಲ್ಲ ಫಂಕ್ಷನ್‌ಗಳಿಗೂ ಅದೇ ಒಂದು ಜಾರ್. ಆಗ ಡೀಲರ್‌ಗಳು ಒಬ್ಬರಾದ ಮೇಲೆ ಒಬ್ಬರು ಬರುತ್ತಿದ್ದರು, ಪ್ರತಿಯೊಬ್ಬರ ಕೊನೆಯಲ್ಲಿ ಲಾಗ್‌ಔಟ್ ಇತ್ತು, ಹಾಗಾಗಿ ಏನೂ ಆಗಲಿಲ್ಲ.

ಡೀಲರ್‌ಗಳು ಜಾಸ್ತಿ ಆದರು. 7 ಗಂಟೆಗೆ ಶುರುವಾದ ಕೆಲಸ 8 ಆದರೂ ಮುಗಿಯುತ್ತಿಲ್ಲ ಅಂತ ದೂರು ಬಂತು. ಯಾರೋ ಲೂಪ್ ತೆಗೆದು 'ಪ್ರಾಮಿಸ್.ಆಲ್' ಹಾಕಿದರು, ಎಲ್ಲ ಡೀಲರ್‌ಗಳೂ ಒಟ್ಟಿಗೆ. ಒಂದು ಸಾಲಿನ ಬದಲಾವಣೆ, ನಿಮಿಷಗಳಲ್ಲಿ ಕೆಲಸ ಮುಗಿಯತೊಡಗಿತು, ಎಲ್ಲರಿಗೂ ಖುಷಿ.

ಈಗ ಒಳಗೆ ಏನು ನಡೆಯುತ್ತದೆ ನೋಡಿ. ಜಾರ್ ಒಂದು ಕುಕೀಯನ್ನು ಗುರುತಿಸುವುದು ಮೂರರಿಂದ: ಡೊಮೇನ್, ಪಾತ್, ಹೆಸರು. ಈ ಮೂರೂ ಒಂದೇ ಆಗಿದ್ದರೆ ಹೊಸದು ಹಳೆಯದರ ಮೇಲೆ ಕೂರುತ್ತದೆ. ಯಾವ ಡೀಲರ್ ಅನ್ನುವುದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಇರಲೂಬಾರದು. ಹರಿಹರದ ಸೆಷನ್‌ಐಡಿಯೂ ರಾಣೇಬೆನ್ನೂರಿನ ಸೆಷನ್‌ಐಡಿಯೂ ಒಂದೇ ಪೋರ್ಟಲ್‌ನಿಂದ ಒಂದೇ ಹೆಸರಿನಲ್ಲಿ ಬರುತ್ತವೆ. ಹಾಗಾಗಿ ಜಾರ್‌ನಲ್ಲಿ ಯಾವಾಗಲೂ ಒಂದೇ ಸೆಷನ್‌ಐಡಿ ಇರುತ್ತದೆ, ಕೊನೆಗೆ ಬಂದವರದು.

ಇದನ್ನು ಕಣ್ಣಿಂದ ನೋಡಬೇಕಿತ್ತು. ಪ್ರತಿ ರಿಕ್ವೆಸ್ಟ್‌ಗೂ ಡೀಲರ್ ಹೆಸರು, ಕಳಿಸಿದ ಸೆಷನ್ ಕುಕೀಯ ಹ್ಯಾಶ್‌ನ (ಮೂಲ ತಿಳಿಯದ ಹಾಗೆ ಲೆಕ್ಕ ಹಾಕಿ ತೆಗೆದ ಗುರುತು) ಮೊದಲ ಕೆಲವು ಅಕ್ಷರ, ಇಷ್ಟನ್ನು ಲಾಗ್‌ಗೆ ಹಾಕಿದೆ. ಕುಕೀಯನ್ನೇ ಲಾಗ್‌ಗೆ ಬರೆಯಬಾರದು, ಯಾಕಂದರೆ ಆ ಲಾಗ್ ಓದಿದವರು ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಹೋಗಬಹುದು. ಹ್ಯಾಶ್ ಇದ್ದರೆ ಎರಡು ಒಂದೇನಾ ಬೇರೆಯಾ ಅನ್ನುವುದು ಗೊತ್ತಾಗುತ್ತದೆ, ನಮಗೆ ಬೇಕಾದದ್ದೂ ಅಷ್ಟೇ. ಸಿಕ್ಕ ಲಾಗ್‌ನಲ್ಲಿ ಮುಖ್ಯವಾದ ಸಾಲುಗಳು ಹೀಗಿದ್ದವು:

ರಾಣೇಬೆನ್ನೂರು, ಲಾಗಿನ್ ಉತ್ತರ 302, ಹೊಸ ಸೆಷನ್ 9ಸಿ1
ಹರಿಹರ, ಲಾಗಿನ್ ಉತ್ತರ 302, ಹೊಸ ಸೆಷನ್ 4ಇ8
ರಾಣೇಬೆನ್ನೂರು, ಬಿಲ್ ಪುಟ ಕೇಳಿದ್ದು, ಕಳಿಸಿದ ಸೆಷನ್ 4ಇ8, ಉತ್ತರ 200
ಹರಿಹರ, ಬಿಲ್ ಪುಟ ಕೇಳಿದ್ದು, ಕಳಿಸಿದ ಸೆಷನ್ 4ಇ8, ಉತ್ತರ 200

ಮೂರನೇ ಸಾಲು ನೋಡಿ ತಂಡದವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಉತ್ತರ 200. ಎಲ್ಲೂ ಎರರ್ ಇಲ್ಲ. ಪೋರ್ಟಲ್‌ಗೆ ಅದು ಹರಿಹರದವರು ಎರಡು ಸಲ ಬಿಲ್ ಪುಟ ತೆರೆದ ಹಾಗೆ.

ಹಾಗಾದರೆ ಎಲ್ಲರದೂ ದಿನಾ ಅದಲುಬದಲಾಗಬೇಕಿತ್ತಲ್ಲ, ಅಪರೂಪಕ್ಕೆ ಯಾಕಾಯಿತು? ರೀಟ್ರೈ ಪಾತ್ರ ಇಲ್ಲಿ ಬರುತ್ತದೆ. ಈ ಪೋರ್ಟಲ್‌ನ ಲಾಗಿನ್ ಫಾರಂನಲ್ಲಿ ಒಂದು ಗುಪ್ತ ಟೋಕನ್ ಇದೆ, ಲಾಗಿನ್‌ಗೂ ಮೊದಲು ಕೊಡುವ ಕುಕೀಗೆ ಅದು ಜೋಡಿ. ಫಾರಂ ತೆಗೆದುಕೊಂಡಾಗ ಇದ್ದ ಕುಕೀಯೇ ಪೋಸ್ಟ್ ಮಾಡುವಾಗಲೂ ಇರಬೇಕು, ಇಲ್ಲದಿದ್ದರೆ 403, ಅಂದರೆ 'ಪ್ರವೇಶ ಇಲ್ಲ'. ಜಾರ್ ಒಂದೇ ಆದ್ದರಿಂದ ಒಬ್ಬರ ಟೋಕನ್ ಜೊತೆ ಇನ್ನೊಬ್ಬರ ಕುಕೀ ಹೋಗುತ್ತಿತ್ತು, ಹೆಚ್ಚಿನವರು ಅಲ್ಲೇ 403 ತಿಂದು ಬೀಳುತ್ತಿದ್ದರು. ಲಾಗ್‌ಔಟ್ ಕೂಡ ಹಾಗೇ, ಒಬ್ಬರು ಲಾಗ್‌ಔಟ್ ಮಾಡಿದರೆ ಜಾರ್‌ನಲ್ಲಿ ಆ ಹೊತ್ತಿಗೆ ಯಾರದು ಇತ್ತೋ ಅವರು ಹೊರಗೆ. ರೀಟ್ರೈ ಇಲ್ಲದಿದ್ದರೆ ಪ್ರಾಮಿಸ್.ಆಲ್ ಹಾಕಿದ ಮೊದಲ ಸಂಜೆಯೇ ಎಲ್ಲರ ಸಂದೇಶವೂ ಕೆಟ್ಟು, ಬೆಳಿಗ್ಗೆಯೊಳಗೆ ಬದಲಾವಣೆ ವಾಪಸ್ ಹೋಗುತ್ತಿತ್ತು. ರೀಟ್ರೈ ಇದ್ದದ್ದರಿಂದ ಬಿದ್ದವರೆಲ್ಲ ಎದ್ದು ಮತ್ತೆ ಓಡಿ, ಒಬ್ಬೊಬ್ಬರಾಗಿ ದಾಟಿಕೊಂಡರು. ನೂಕುನುಗ್ಗಲು ಕರಗಿದ ಮೇಲೆ ಉಳಿದ ಒಬ್ಬಿಬ್ಬರ ನಡುವೆ, ಒಬ್ಬರ ಲಾಗಿನ್‌ಗೂ ಬಿಲ್ ಪುಟಕ್ಕೂ ನಡುವಿನ ಸಣ್ಣ ಸಂದಿಯಲ್ಲಿ, ಇನ್ನೊಬ್ಬರ ಲಾಗಿನ್ ಬಂದು ಕೂತರೆ ಮಾತ್ರ ಅದಲುಬದಲು. ಎದ್ದು ಕಾಣಬೇಕಾಗಿದ್ದ ತಪ್ಪನ್ನು ರೀಟ್ರೈ ಮುಚ್ಚಿಹಾಕಿತ್ತು.

ಸರಿ ಮಾಡಿದ್ದು ಹೇಗೆ? ಮುಖ್ಯ ಬದಲಾವಣೆ ಚಿಕ್ಕದು. ಜಾರ್ ಮಾಡುವ ಸಾಲು ಫೈಲಿನ ಮೇಲಿಂದ ಇಳಿದು ಡೀಲರ್‌ನ ಕೆಲಸ ಮಾಡುವ ಫಂಕ್ಷನ್ ಒಳಗೆ ಬಂತು. ಪ್ರತಿ ಲಾಗಿನ್‌ಗೆ ಹೊಸ ಜಾರ್, ಆ ಡೀಲರ್‌ನ ಕೆಲಸ ಮುಗಿದಾಗ ಜಾರ್ ಕೂಡ ಮುಗಿಯಿತು. ರಿಕ್ವೆಸ್ಟ್ ಕಳಿಸುವ ಸಹಾಯಕ ಫಂಕ್ಷನ್‌ಗೆ ಜಾರ್ ಕೊಡದೆ ಕರೆದರೆ ಅದು ಎರರ್ ಎಸೆಯುತ್ತದೆ. ಅಲ್ಲಿ 'ಕೊಡದಿದ್ದರೆ ಸಾಮಾನ್ಯ ಜಾರ್ ಬಳಸು' ಅನ್ನುವ ಅನುಕೂಲ ಇಡೋಣವಾ ಅಂತ ಕೇಳಿದರು. ಬೇಡ ಅಂದೆ. ಆರು ತಿಂಗಳ ನಂತರ ಹೊಸಬರು ಬಂದು ಅದನ್ನೇ ಬಳಸುತ್ತಾರೆ.

ರೀಡೈರೆಕ್ಟ್‌ಗಳನ್ನು ಆ ಸಹಾಯಕ ಫಂಕ್ಷನ್ ತಾನೇ ಒಂದೊಂದಾಗಿ ಅನುಸರಿಸುತ್ತದೆ, ಪ್ರತಿ ಹೆಜ್ಜೆಯಲ್ಲೂ ಬಂದ ಕುಕೀಗಳನ್ನು ಜಾರ್‌ಗೆ ಹಾಕಿ, ಮುಂದಿನ ವಿಳಾಸಕ್ಕೆ ಯಾವುದು ಹೋಗಬೇಕು ಅಂತ ಜಾರನ್ನೇ ಕೇಳುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಕುಕೀ ಹೆಡರನ್ನು ಕೈಯಿಂದ ಬರೆದು ರೀಡೈರೆಕ್ಟನ್ನು ಫೆಚ್‌ಗೆ ಬಿಟ್ಟರೆ, ಬೇರೆ ಡೊಮೇನ್‌ಗೆ ತಿರುಗಿಸಿದಾಗ ಆ ಹೆಡರ್ ಜೊತೆಗೇ ಹೋಗುತ್ತದಾ ಇಲ್ಲವಾ ಅನ್ನುವುದು ಲೈಬ್ರರಿಯ ಕೈಯಲ್ಲಿರುತ್ತದೆ. ನೋಡ್‌ನ ಫೆಚ್ ನಿಂತಿರುವ ಉಂಡಿಚಿ ಅನ್ನುವ ಲೈಬ್ರರಿಯಲ್ಲೇ 2023ರಲ್ಲಿ ಇಂಥ ದೋಷ ಸಿಕ್ಕಿತ್ತು: ಬೇರೆ ಡೊಮೇನ್‌ಗೆ ರೀಡೈರೆಕ್ಟ್ ಆದಾಗ ಆಥರೈಸೇಶನ್ ಹೆಡರ್ ತೆಗೆಯುತ್ತಿತ್ತು, ಕುಕೀ ಹೆಡರ್ ತೆಗೆಯುತ್ತಿರಲಿಲ್ಲ. ಅದರ 5.26.2 ಆವೃತ್ತಿಯಲ್ಲಿ ಸರಿ ಮಾಡಿದರು. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ಇದರಲ್ಲಿ ಕಟ್ಟುನಿಟ್ಟು, ಕೈಯಿಂದ ಬರೆದ ಕುಕೀ ಹೆಡರನ್ನು ರೀಡೈರೆಕ್ಟ್ ವೇಳೆ ತೆಗೆದುಹಾಕಿ, ಜಾರ್‌ನಲ್ಲಿರುವುದನ್ನು ನೋಡಿ ಹೊಸದಾಗಿ ಬರೆಯುತ್ತದೆ. ಗೊತ್ತಿಲ್ಲದವರಿಗೆ ಇದೇ ಬೇರೆ ತಲೆನೋವು, 'ಹೆಡರ್ ಹಾಕಿದ್ದೇನೆ, ಎಲ್ಲಿ ಹೋಯಿತು' ಅಂತ ಹುಡುಕುತ್ತಾರೆ.

ಲಾಗಿನ್ ಆಯಿತಾ ಅನ್ನುವುದಕ್ಕೆ 200 ನೋಡುವುದನ್ನು ಬಿಟ್ಟೆವು. ಪುಟದ ಮೇಲೆ ಡೀಲರ್ ಕೋಡ್ ಇರುತ್ತದಲ್ಲ, ಬಿಲ್ ಪುಟ ಬಂದ ಪ್ರತಿ ಸಲವೂ ಸ್ಕ್ರಿಪ್ಟ್ ಅದನ್ನು ಓದಿ, ನಾವು ಯಾರ ಪರವಾಗಿ ಕೇಳಿದೆವೋ ಅವರದೇನಾ ಅಂತ ಹೋಲಿಸುತ್ತದೆ. ಬೇರೆ ಇದ್ದರೆ ಆ ಡೀಲರ್‌ನ ಸಂದೇಶ ನಿಲ್ಲುತ್ತದೆ, ತಂಡಕ್ಕೆ ಫೋನ್ ಹೋಗುತ್ತದೆ. ಈ ಒಂದು ಹೋಲಿಕೆ ಮೊದಲೇ ಇದ್ದಿದ್ದರೆ ಉಳಿದ ಎಲ್ಲ ತಪ್ಪುಗಳೂ ಇದ್ದುಕೊಂಡೇ ಡಿಸ್ಕೌಂಟ್ ಮಾತ್ರ ಹೊರಬೀಳುತ್ತಿರಲಿಲ್ಲ. ರೀಟ್ರೈ ಪೂರ್ತಿ ತೆಗೆಯಲಿಲ್ಲ, ನೆಟ್‌ವರ್ಕ್ ಕಡಿದಾಗ ಮಾತ್ರ ಅಂತ ಕಟ್ಟಿಹಾಕಿದೆವು. 403 ಬಂದರೆ ನಿಲ್ಲು, ಲಾಗಿನ್ ಪುಟ ಬಂದರೆ ನಿಲ್ಲು.

ಆಮೇಲೆ ಪರೀಕ್ಷೆ. ನಿಜವಾದ ಪೋರ್ಟಲ್ ಮೇಲೆ ಈ ಆಟ ಆಡುವ ಹಾಗಿಲ್ಲ, ಹಾಗಾಗಿ ಲ್ಯಾಪ್‌ಟಾಪ್‌ನಲ್ಲೇ ಒಂದು ಸುಳ್ಳು ಪೋರ್ಟಲ್ ಮಾಡಿದೆ. 302ರ ಜೊತೆ ಎರಡು ಕುಕೀ, ಒಂದರಲ್ಲಿ ಅಲ್ಪವಿರಾಮದ ತಾರೀಕು, ಇನ್ನೊಂದನ್ನು ಅಳಿಸುವ ಉತ್ತರ, ಬೇರೆ ಡೊಮೇನ್‌ಗೆ ತಿರುಗಿಸುವ ಒಂದು ಪುಟ. ಮುಖ್ಯವಾಗಿ, ಒಬ್ಬ ಡೀಲರ್‌ನ ಬಿಲ್ ಪುಟ ಕೇಳುವ ಮೊದಲು ಬೇಕಂತಲೇ ತಡ ಮಾಡಿಸಿ, ಆ ಸಂದಿಯಲ್ಲಿ ಇನ್ನೊಬ್ಬರ ಲಾಗಿನ್ ನುಗ್ಗಿಸುವ ಪರೀಕ್ಷೆ. ಹಳೆ ಕೋಡ್ ಇದರಲ್ಲಿ ಪ್ರತಿ ಸಲವೂ ಬಿತ್ತು. ಅಪರೂಪಕ್ಕೆ ಆಗುವ ತಪ್ಪನ್ನು ಬೇಕೆಂದಾಗ ಆಗಿಸಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಹೊಸ ಕೋಡ್ ನಿಂತಿತು.

ಇದು ನೋಡ್‌ನ ರೋಗ ಅಂದುಕೊಳ್ಳಬೇಡಿ. ಪೈಥಾನ್‌ನಲ್ಲಿ ಫ್ಲಾಸ್ಕ್ ಅಥವಾ ಜ್ಯಾಂಗೋ ಆ್ಯಪ್‌ನ ಫೈಲಿನ ಮೇಲ್ತುದಿಯಲ್ಲಿ 'ರಿಕ್ವೆಸ್ಟ್ಸ್.ಸೆಷನ್' ಒಂದನ್ನು ಇಟ್ಟು, ವೇಗ ಜಾಸ್ತಿ ಆಗಲಿ ಅಂತ ಎಲ್ಲ ಬಳಕೆದಾರರಿಗೂ ಅದನ್ನೇ ಬಳಸುವ ಕೋಡ್ ಬೇಕಾದಷ್ಟಿದೆ. ಕನೆಕ್ಷನ್ ಹಂಚಿಕೊಂಡರೆ ತೊಂದರೆ ಇಲ್ಲ, ಜೊತೆಗೆ ಕುಕೀಯೂ ಹಂಚಿಹೋಗುತ್ತದೆ ಅನ್ನುವುದು ತೊಂದರೆ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಇದು ಇನ್ನೂ ಒಳಗೆ ಅಡಗಿದೆ. ಎಚ್‌ಟಿಟಿಪಿ ಕ್ಲೈಂಟ್ ಫ್ಯಾಕ್ಟರಿ ಪ್ರತಿ ಸಲ ಹೊಸ ಕ್ಲೈಂಟ್ ಕೊಟ್ಟ ಹಾಗೆ ಕಾಣುತ್ತದೆ, ಆದರೆ ಅದರ ಹಿಂದಿನ ಹ್ಯಾಂಡ್ಲರ್ ಪೂಲ್‌ನಿಂದ ಬಂದದ್ದು, ಸಾಮಾನ್ಯವಾಗಿ ಎರಡು ನಿಮಿಷ ಅದೇ ಹ್ಯಾಂಡ್ಲರ್ ಎಲ್ಲರಿಗೂ ಸಿಗುತ್ತಿರುತ್ತದೆ, ಕುಕೀ ಇರುವುದು ಆ ಹ್ಯಾಂಡ್ಲರ್‌ನಲ್ಲಿ. ಹೀಗೆ ಕುಕೀ ಹಂಚಿಹೋಗುತ್ತದೆ ಅಂತ ಮೈಕ್ರೋಸಾಫ್ಟ್‌ನ ಡಾಕ್ಯುಮೆಂಟೇಶನ್‌ನಲ್ಲೇ ಎಚ್ಚರಿಕೆ ಇದೆ. ಅಲ್ಲಿ ಸುಲಭದ ದಾರಿ, ಹ್ಯಾಂಡ್ಲರ್‌ನಲ್ಲಿ 'ಯೂಸ್‌ಕುಕೀಸ್' ಆಫ್ ಮಾಡಿ, ಯಾರ ಕುಕೀ ಬೇಕೋ ಅವರ ರಿಕ್ವೆಸ್ಟ್‌ಗೆ ನಾವೇ ಹಾಕುವುದು.

ತಂಡದವರು ಎರಡೂ ಡೀಲರ್‌ಗಳಿಗೆ ಆದದ್ದನ್ನು ಇದ್ದ ಹಾಗೇ ಹೇಳಿದರು. ಪ್ರಾಮಿಸ್.ಆಲ್ ಹಾಕಿದ ದಿನದಿಂದ ಉಳಿಸಿಟ್ಟ ಎಲ್ಲ ಪುಟಗಳನ್ನೂ ಡೀಲರ್ ಕೋಡ್ ಜೊತೆ ಹೋಲಿಸಿ, ಬೇರೆ ಯಾರದಾದರೂ ಹೀಗೆ ಹೋಗಿದೆಯಾ ಅಂತ ನೋಡಿ, ಹೋಗಿದ್ದವರಿಗೂ ತಿಳಿಸಿದರು. ಹಳೆ ಪುಟಗಳನ್ನು ಅಷ್ಟು ದಿನ ಇಟ್ಟುಕೊಳ್ಳುವುದೇ ಅಪಾಯ ಅಂತ ಆಮೇಲೆ ಅದಕ್ಕೂ ಅವಧಿ ಹಾಕಿದರು. ಡಿಸ್ಕೌಂಟ್ ಜಗಳ ಕಂಪನಿಯ ಸೇಲ್ಸ್‌ನವರ ಪಾಲಿಗೆ ಹೋಯಿತು, ಅದಕ್ಕೆ ನನ್ನಲ್ಲಿ ಲೈಬ್ರರಿ ಇಲ್ಲ.

ಈಗ ಪೋರ್ಟಲ್‌ನವರು ಲಾಗಿನ್‌ಗೆ ಒಟಿಪಿ ತಂದಿದ್ದಾರೆ. ದಿನಾ ಸಂಜೆ ಡೀಲರ್ ಒಟಿಪಿ ಹಾಕುತ್ತಾ ಕೂರಲು ಆಗುವುದಿಲ್ಲ, ಆದರೆ 'ಈ ಸಾಧನವನ್ನು ನೆನಪಿಟ್ಟುಕೋ' ಅಂತ ಟಿಕ್ ಮಾಡಿದರೆ 25,92,000 ಸೆಕೆಂಡಿನ ಮ್ಯಾಕ್ಸ್-ಏಜ್ ಇರುವ ಒಂದು ಕುಕೀ ಸಿಗುತ್ತದೆ, ಅಂದರೆ 30 ದಿನ. ಕೆಲಸ ಮುಗಿದ ಕೂಡಲೇ ಜಾರ್ ಎಸೆಯುವ ನಮ್ಮ ಪದ್ಧತಿ ಇದಕ್ಕೆ ಸಾಲದು. ಹಾಗಾಗಿ ಆ ಒಂದು ಕುಕೀಯನ್ನು ಮಾತ್ರ ಪ್ರತಿ ಡೀಲರ್‌ಗೆ ಬೇರೆ ಬೇರೆಯಾಗಿ ಎನ್‌ಕ್ರಿಪ್ಟ್ ಮಾಡಿ ಡೇಟಾಬೇಸ್‌ನಲ್ಲಿಟ್ಟು, ಸಂಜೆ ಹೊಸ ಜಾರ್ ಮಾಡಿದಾಗ ಅದರೊಳಗೆ ಹಾಕುತ್ತೇವೆ. ಸೆಷನ್ ಕುಕೀ ಉಳಿಸುವುದಿಲ್ಲ. ಅವಧಿ ಮುಗಿಯಲು ಮೂರು ದಿನ ಇರುವಾಗ ಡೀಲರ್‌ಗೆ ವಾಟ್ಸಾಪ್ ಹೋಗುತ್ತದೆ, ಅಂಗಡಿಯಲ್ಲಿ ಕೂತೇ ಒಮ್ಮೆ ಒಟಿಪಿ ಹಾಕಿದರೆ ಮುಂದಿನ ತಿಂಗಳ ತನಕ ಓಡುತ್ತದೆ. ರಾಣೇಬೆನ್ನೂರಿನವರು ಒಟಿಪಿ ಹಾಕುವ ಮೊದಲು ಪರದೆಯಲ್ಲಿ ತಮ್ಮ ಡೀಲರ್ ಕೋಡ್ ಕಾಣಬೇಕು ಅಂತ ಕೇಳಿದರು, ಅದನ್ನೂ ದೊಡ್ಡ ಅಕ್ಷರದಲ್ಲಿ ಹಾಕಿಕೊಟ್ಟಿದ್ದೇವೆ.